ಆರನೆಯ ಮಹಡಿಯ ಜಿಗಿತ

ನಮ್ಮ ಚಿಕ್ಕಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಟೈಪಿಸ್ಟ್ ಆಗಿ ಸೇರಿದ ಜಾಗದಲ್ಲಿ ಟೈಪ್ ಮಾಡಲು ಹೆಚ್ಚೇನೂ ಇರಲಿಲ್ಲ. ಗಡಿಯಾರ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಅದಕ್ಕೆ ಕಂಪನಿ ಎಂಬ ದೊಡ್ಡ ಮಾತು. ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ತಯಾರಿಸುತ್ತಿದ್ದರು. ಮಾಲೀಕ ಅದಕ್ಕೆ ಮೊದಲು ಛತ್ರಿ ಮಾರುತ್ತಿದ್ದವನು. ಆಟ ಬರೆಯುತ್ತಿದ್ದದ್ದು ಸೋಡಾಬುಡ್ಡಿ ಕನ್ನಡಕದ ಒಬ್ಬ ಪ್ರೋಗ್ರಾಮರ್. ಸದಾ ತನ್ನಷ್ಟಕ್ಕೆ ಏನೋ ಗೊಣಗಿಕೊಳ್ಳುತ್ತಿದ್ದ ಅವನನ್ನು ಎಲ್ಲರೂ ಗೊಣಗಪ್ಪ ಎನ್ನುತ್ತಿದ್ದರು. ಎಲ್ಲರೂ ಎಂದರೆ ಮಾಲೀಕ ಮತ್ತು ಚಿಕ್ಕಮ್ಮ.

ಆಟದ ಜೊತೆ ಕೊಡುವ ಎಂಟು ಪುಟದ ಪುಸ್ತಿಕೆ ಮೂರು ದಿನದಲ್ಲಿ ಮುಗಿಯಿತು. ನಾಲ್ಕನೆಯ ದಿನ ಅವಳು ಕೈಕಟ್ಟಿ ಕೂತದ್ದು ಮಾಲೀಕನ ಕಣ್ಣಿಗೆ ಬಿತ್ತು.

"ಸುಮ್ನೆ ಕೂರೋ ಬದಲು ಇದನ್ನ ಆಡಿ ನೋಡಮ್ಮ. ಎಲ್ಲಿ ಕಷ್ಟ, ಎಲ್ಲಿ ಸುಲಭ, ಬರೆದಿಡು" ಎಂದ.

ಆಟದ ಕಥೆ ಇಷ್ಟೇ: ಒಬ್ಬ ಕುಳ್ಳ ಎಂಟು ಮಹಡಿಯ ಗೋಪುರ ಹತ್ತಿ ತುದಿಯ ಗಂಟೆ ಬಾರಿಸಬೇಕು. ದಾರಿಯಲ್ಲಿ ಹೊಂಡ, ಕಾಗೆ, ಉರುಳುವ ಪೀಪಾಯಿ, ಮುರಿದ ಮೆಟ್ಟಿಲು. ಎಲ್ಲಿ ಬಿದ್ದರೂ, ಏನು ತಗುಲಿದರೂ ಸಾವು. ಮೂರು ಸಲ ಸತ್ತರೆ ಮತ್ತೆ ಮೊದಲ ಮಹಡಿಯಿಂದ. ದಾರಿ ಬಾಯಿಪಾಠವಾದವರು ಹದಿನೆಂಟು ನಿಮಿಷದಲ್ಲಿ ಮುಗಿಸಬಹುದಿತ್ತು. ಅದಕ್ಕಿಂತ ದೊಡ್ಡದು ಮಾಡಲು ಆಟ ತುಂಬಿಸಿ ಮಾರುವ ಆ ಕಾರ್ಟ್ರಿಜ್ ಡಬ್ಬಿಯಲ್ಲಿ ಜಾಗವಿರಲಿಲ್ಲ.

ಮಾಲೀಕನ ಸಂಕಟವೆಲ್ಲ ಆ ಹದಿನೆಂಟು ನಿಮಿಷದ್ದೇ. "ಬೆಳಿಗ್ಗೆ ತಗೊಂಡೋದೋನು ಮಧ್ಯಾಹ್ನ ಮುಗಿಸಿ ಪಕ್ಕದ ಮನೆಯೋನಿಗೆ ಕೊಟ್ಟುಬಿಟ್ರೆ ನಾನು ಮತ್ತೆ ಛತ್ರಿ ಮಾರ್ಬೇಕಾಗುತ್ತೆ. ಆರು ತಿಂಗಳು ಅದರಲ್ಲೇ ಬಿದ್ದು ಒದ್ದಾಡ್ಬೇಕು, ಹಂಗೆ ಮಾಡಿ" ಎನ್ನುತ್ತಿದ್ದ. ಆಟವನ್ನು ಉದ್ದ ಮಾಡಲಾಗದಿದ್ದರೆ ಆಡುವವನನ್ನು ಸಾಯಿಸುತ್ತಿರುವುದು. ಇದು ಅವನ ಇಡೀ ಕಲಾತತ್ವ.

ಚಿಕ್ಕಮ್ಮನ ಬೆರಳು ಟೈಪಿಂಗಿನಲ್ಲಿ ಪಳಗಿದವು. ಮೊದಲ ವಾರ ನೂರಾರು ಸಲ ಸತ್ತಳು. ಎರಡನೆಯ ತಿಂಗಳಿಗೆ ಕಣ್ಣು ಮುಚ್ಚಿಕೊಂಡು ಐದು ಮಹಡಿ ಹತ್ತುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಮೊದಲನೆಯ ಮಹಡಿಗೆ "ಸುಲಭ" ಎಂದು ಬರೆದಳು. ಗೊಣಗಪ್ಪ ಹೊಂಡ ಅಗಲ ಮಾಡಿದ. ಅವಳು ಒಂದು ವಾರದಲ್ಲಿ ಅದನ್ನೂ ದಾಟಿ ಮತ್ತೆ "ಸುಲಭ" ಎಂದು ಬರೆದಳು. ಅವನು ಕಾಗೆಯ ವೇಗ ಹೆಚ್ಚಿಸಿದ. ಹೀಗೆ ಒಂಬತ್ತು ತಿಂಗಳು. ಆ ಕೋಣೆಯಲ್ಲಿ ಆಡಿ ನೋಡುತ್ತಿದ್ದವಳು ಅವಳೊಬ್ಬಳೇ. ಇಡೀ ಆಟ ಒಬ್ಬಳ ಬೆರಳಿನ ಅಳತೆಗೆ ಹೊಲಿದ ಅಂಗಿಯಂತಾಯಿತು. ಅದು ಮೂವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಆರನೆಯ ಮಹಡಿಯಲ್ಲಿ ಮಾತ್ರ ಅವಳೂ ಸಿಕ್ಕಿಹಾಕಿಕೊಂಡಳು. ಅಲ್ಲಿ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾರಬೇಕು, ನಡುವೆ ಕಾಗೆ. ಮೂರು ದಿನ ಹಾರಿ ಹಾರಿ ಒಮ್ಮೆ ಹೇಗೋ ದಾಟಿದಳು. ಗೊಣಗಪ್ಪನನ್ನು ಕರೆದು ಆ ಜಾಗ ತೋರಿಸಿದಳು. ಅವನು ತನ್ನ ಕಾಗದ ತಿರುವಿ ಹಾಕಿ ಹಣೆ ಚಚ್ಚಿಕೊಂಡ.

"ಥೂ, ಕಟ್ಟೆಗಳ ನಡುವಿನ ಅಂತರ ಹನ್ನೆರಡು ಅಂತ ಹಾಕೋ ಕಡೆ ಹದಿನಾಲ್ಕು ಹಾಕಿದೀನಿ. ನೆಗಡಿಯಾಗಿತ್ತು ಆವತ್ತು."

ಇಬ್ಬರೂ ಮಾಲೀಕನ ಬಳಿ ಹೋದರು.

"ನೀನು ದಾಟಿದೆ ತಾನೆ?" ಎಂದ ಮಾಲೀಕ.

"ಒಂದೇ ಸಲ ಸಾರ್. ಅದೂ ಆಕಸ್ಮಿಕವಾಗಿ."

"ದಾಟೋಕಾಗುತ್ತೆ ಅಂತಾಯ್ತಲ್ಲ. ಇರಲಿ ಬಿಡು."

ಹದಿನಾಲ್ಕು ಹದಿನಾಲ್ಕಾಗಿಯೇ ಉಳಿಯಿತು.

ಒಂದು ಭಾನುವಾರ ಚಿಕ್ಕಮ್ಮ ಆ ಯಂತ್ರವನ್ನು ಮನೆಗೆ ತಂದಳು, ಅಪ್ಪನಿಗೆ ತೋರಿಸೋಣವೆಂದು. ನಮ್ಮ ತಾತ ಮೂವತ್ತು ವರ್ಷ ಲೇತ್ ಮಿಷನ್ ನಡೆಸಿದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗದಂತೆ ಕಬ್ಬಿಣ ಕಡೆಯುವ ಕೈ. ಕನ್ನಡಕ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಮೊದಲ ಹೊಂಡದಲ್ಲೇ ಬಿದ್ದರು. ಮತ್ತೆ ಬಿದ್ದರು. ಹನ್ನೊಂದು ಸಲ ಬಿದ್ದ ಮೇಲೆ ಕುಳ್ಳನನ್ನು ಆಡಿಸುವ ಹಿಡಿಕೆಯನ್ನು ಮೆಲ್ಲಗೆ ನೆಲದ ಮೇಲಿಟ್ಟರು.

"ನನ್ನ ತಲೆಗೆ ಹತ್ತಲ್ಲ ಬಿಡಮ್ಮ. ದಡ್ಡ ನಾನು."

ಚಿಕ್ಕಮ್ಮನಿಗೆ ಅದು ಚುಚ್ಚಿತು. ಅಪ್ಪನ ಬಾಯಲ್ಲಿ ಆ ಮಾತನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಆ ಹೊಂಡ ಅಷ್ಟು ಅಗಲವಾದದ್ದು ಯಾಕೆಂದು ಅವಳಿಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ, ಗೊಣಗಪ್ಪನ ಮುಂದೆ ಜಂಬ ತೋರಿಸಲು "ಸುಲಭ" ಎಂದು ಬರೆದ ದಿನಗಳೂ ಇದ್ದವು.

ಸೋಮವಾರ ಬೆಳಿಗ್ಗೆ ಹೋಗಿ, ಮೊದಲ ಮೂರು ಮಹಡಿಯನ್ನಾದರೂ ಸಡಿಲ ಮಾಡಿ ಎಂದಳು. ಮಾಲೀಕ ನಕ್ಕ.

"ನಿಮ್ಮಪ್ಪನಿಗೆ ಆಟ ಮಾಡ್ತಿದೀವೇನಮ್ಮ ನಾವು? ಆಗಲ್ಲ ಅನ್ನೋರಿಗೆ ಛಲ ಇಲ್ಲ ಅಷ್ಟೆ."

"ಛಲ ಇದ್ರೆ ನೀವೇ ಒಂದು ಸಲ ಆಡಿ ತೋರ್ಸಿ ಸಾರ್."

ಮಾಲೀಕ ಒಂದೇ ಒಂದು ದಿನವೂ ಆ ಆಟ ಮುಟ್ಟಿದವನಲ್ಲ. ಅವಳನ್ನು ಆವತ್ತೇ ಕಾಗದಪತ್ರ ಜೋಡಿಸುವ ಮೂಲೆಗೆ ಹಾಕಿದ. ತಿಂಗಳು ತುಂಬುವ ಮೊದಲೇ ಚಿಕ್ಕಮ್ಮ ಆ ಮೆಟ್ಟಿಲು ಇಳಿದು, ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ವರದಿ ಟೈಪ್ ಮಾಡುವ ಕೆಲಸ ಹಿಡಿದಳು. ಅಲ್ಲೇ ಮೂವತ್ತೈದು ವರ್ಷ ಕಳೆಯಿತು.

ಆಟ ಹೊರಬಂದು, ಊರೂರಿನ ಮಕ್ಕಳು ಸೋತ ಸಿಟ್ಟಿಗೆ ಹಿಡಿಕೆ ಗೋಡೆಗೆಸೆದು, ಕೆಲವು ವರ್ಷದಲ್ಲಿ ಕಂಪನಿ ಮುಚ್ಚಿತು. ಮಾಲೀಕ, ಗೊಣಗಪ್ಪ ಇಬ್ಬರೂ ತೀರಿಕೊಂಡರು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಡಿಕೆ ಎಸೆದ ಮಕ್ಕಳು ಬೆಳೆದು ನಡುವಯಸ್ಸಿನವರಾಗಿ, ತಾವು ಅನುಭವಿಸಿದ ಹಿಂಸೆಗೆಲ್ಲ ಅರ್ಥ ಹುಡುಕತೊಡಗಿದರು. ಸುಮ್ಮನೆ ಸತಾಯಿಸಿದರು ಎಂದು ಒಪ್ಪಿಕೊಂಡರೆ ಬಾಲ್ಯದ ಅರ್ಧ ದಂಡವಾಯಿತೆಂದು ಒಪ್ಪಿದಂತಲ್ಲವೇ? ಸಂಘ ಕಟ್ಟಿದರು, ಲೇಖನ ಬರೆದರು. ಆರನೆಯ ಮಹಡಿಯ ಜಿಗಿತಕ್ಕೆ "ಶ್ರದ್ಧೆಯ ಜಿಗಿತ" ಎಂದು ನಾಮಕರಣ ಮಾಡಿದರು. ಪುಸ್ತಿಕೆಯ ಕೊನೆಯ ಪುಟದಲ್ಲಿ ಚಿಕ್ಕಮ್ಮನ ಹೆಸರು ಕಂಡು, ಹುಡುಕಿಕೊಂಡು ಬಂದು ಸನ್ಮಾನಕ್ಕೆ ಕರೆದರು.

ಜೊತೆಗೆ ನಾನೂ ಹೋಗಿದ್ದೆ. ಬಾಡಿಗೆ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿ, ಸುಮಾರು ಎಂಬತ್ತು ಜನ. ಹೆಚ್ಚಿನವರ ಅಂಗಿಯ ಎದೆಯ ಮೇಲೆ ಆಟದ ಕುಳ್ಳನ ಚಿತ್ರ, ಅದರ ಕೆಳಗೆ ಹೊಟ್ಟೆ. ಸಂಘದ ಅಧ್ಯಕ್ಷ ಹಲ್ಲಿನ ಡಾಕ್ಟರು. ಮುಕ್ಕಾಲು ಗಂಟೆ ಮಾತಾಡಿದರು. ಈಗಿನ ಆಟಗಳು ಮೆತ್ತಗಾಗಿವೆ, ಈಗಿನವರು ಮೆತ್ತಗಾಗಿದ್ದಾರೆ, ಆ ಕಾಲದ ಗುರುಗಳು ಪ್ರತಿ ಸಾವಿನಲ್ಲೂ ಒಂದು ಪಾಠ ಇಟ್ಟಿದ್ದರು, ಇತ್ಯಾದಿ. ಅವರು ಇದುವರೆಗೆ ಗಂಟೆ ಬಾರಿಸಿಲ್ಲವಂತೆ. ಅದನ್ನೂ ಹೆಮ್ಮೆಯಿಂದಲೇ ಹೇಳಿದರು.

ಚಿಕ್ಕಮ್ಮನ ಕೈಗೆ ಮೈಕ್ ಬಂತು.

"ಆರನೇ ಮಹಡೀಲಿ ಪಾಠ ಗೀಠ ಏನೂ ಇಲ್ಲ. ಬರೆದೋನಿಗೆ ನೆಗಡಿಯಾಗಿತ್ತು. ಹನ್ನೆರಡರ ಜಾಗದಲ್ಲಿ ಹದಿನಾಲ್ಕು ಹಾಕ್ದ. ಮಾಲೀಕ ತಿದ್ದೋಕೆ ಬಿಡ್ಲಿಲ್ಲ. ಉಳಿದ ಮಹಡಿ ಕಷ್ಟವಾಗಿದ್ದಕ್ಕೆ ನಾನು ಕಾರಣ. ದಿನಾ ಆಡಿ ಆಡಿ ನನಗೆ ಸುಲಭ ಆಗ್ತಾ ಹೋಯ್ತು, ಹಾಗೇ ಬರೆದೆ. ಬೇರೆ ಒಬ್ಬರ ಕೈಗೂ ಕೊಟ್ಟು ನೋಡ್ಲಿಲ್ಲ ನಾವು. ನನ್ನ ತಪ್ಪು ಅದು."

ಸಭೆಯಲ್ಲಿ ಗುಸುಗುಸು. ಡಾಕ್ಟರ ಮುಖ ಕೆಂಪಾಯಿತು.

"ಅಮ್ಮಾ, ನಿಮಗೆ ಆ ಆಟದ ಆಳ ಅರ್ಥವಾಗಿಲ್ಲ ಅನ್ಸುತ್ತೆ. ನೋವಿಲ್ಲದೆ ಕಲಿಕೆ ಎಲ್ಲಿದೆ?"

"ಹೌದಾ ಡಾಕ್ಟ್ರೇ? ನೀವು ತಪ್ಪು ಹಲ್ಲು ಕಿತ್ರೆ ಅದನ್ನೂ ಪಾಠ ಅಂದ್ಕೋಬೇಕಾ ನಾವು?"

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬಳು ಜೋರಾಗಿ ನಕ್ಕಳು, ಒಬ್ಬಳೇ. ಸನ್ಮಾನದ ಶಾಲು ಹೊದಿಸಿದರು, ಬೇಗಬೇಗನೆ.

ನಕ್ಕವಳು ಹೊರಗೆ ಬಾಗಿಲ ಬಳಿ ಕಾದಿದ್ದಳು. ಅವಳದೊಂದು ಸಣ್ಣ ಕಂಪನಿ. ಅದೇ ಆಟವನ್ನು ಮೊಬೈಲಿಗೆ ಹೊಸದಾಗಿ ತರುತ್ತಿದ್ದಳು. "ಬಂದು ಕೂತು ಸರಿಮಾಡಿ ಕೊಡ್ತೀರಾ ಆಂಟಿ?" ಎಂದಳು. ಚಿಕ್ಕಮ್ಮ ಒಂದೇ ಷರತ್ತು ಹಾಕಿದಳು: ತಾನು ಆಡುವುದಿಲ್ಲ. ಬದಲಿಗೆ ದಿನಕ್ಕೊಬ್ಬರಂತೆ ಹೊಸಬರನ್ನು ಕರೆತಂದು ಕೂರಿಸಿದಳು. ಲ್ಯಾಬಿನ ಆಯಾ, ಮಹಡಿ ಮೇಲಿನ ಮನೆಯ ಅತ್ತೆಸೊಸೆ, ಗೂರ್ಖಾ, ಕೊನೆಗೆ ನನ್ನನ್ನೂ. ಅವರು ಎಲ್ಲಿ ಬಿದ್ದರು, ಎಲ್ಲಿ ಬೈದರು, ಎಲ್ಲಿ ಎದ್ದು ಹೋದರು ಎಂದು ಮಾತ್ರ ಬರೆದಳು. ಆರು ವಾರದಲ್ಲಿ ಆಟ ಹದಕ್ಕೆ ಬಂತು. ಹೊಸತು ಬೇಡವೆನ್ನುವವರಿಗಾಗಿ ಹಳೆಯ ಅಳತೆಯನ್ನೂ ಒಂದು ಗುಂಡಿ ಒತ್ತಿದರೆ ಸಿಗುವಂತೆ ಇಟ್ಟರು.

ಸಂಘದವರು ಬೊಬ್ಬೆ ಹೊಡೆದರು. ಪವಿತ್ರವಾದದ್ದನ್ನು ಕೆಡಿಸಿದರಂತೆ. ಡಾಕ್ಟರು ಮೂರು ಪುಟದ ಖಂಡನೆ ಬರೆದರು.

ಹತ್ತು ದಿನ ಬಿಟ್ಟು ಚಿಕ್ಕಮ್ಮನ ಫೋನಿಗೆ ಡಾಕ್ಟರ ಸಂದೇಶ ಬಂತು: "ಮೂವತ್ತನಾಲ್ಕು ವರ್ಷದ ತಪಸ್ಸು. ಇಂದು ಗಂಟೆ ಬಾರಿಸಿದೆ." ಜೊತೆಗೆ ಕಣ್ಣೀರಿನ ಚಿತ್ರ.

"ಹಳೇ ಅಳತೇಲೋ ಹೊಸ ಅಳತೇಲೋ ಅಂತ ಕೇಳ್ಲೇನೇ?" ಎಂದಳು ಚಿಕ್ಕಮ್ಮ.

"ಪಾಪ, ಬಿಡು ಚಿಕ್ಕಮ್ಮ" ಎಂದೆ.

ಅವಳು ಬಿಡಲಿಲ್ಲ, ಕೇಳಿಯೇಬಿಟ್ಟಳು. ಡಾಕ್ಟರು ಅದನ್ನು ಆ ಕ್ಷಣವೇ ಓದಿದರು. ಉತ್ತರ ಇವತ್ತಿಗೂ ಬಂದಿಲ್ಲ.