ಲಿಫ್ಟಿನೊಳಗಿನ ಒಂದು ನಿಮಿಷ

ಚಿಮಟಣ್ಣನಿಗೆ ಐವತ್ತೆರಡು. ಬದುಕಿನಲ್ಲಿ ಮುಂದೆ ಹೋದದ್ದು ಅಷ್ಟಕ್ಕಷ್ಟೇ, ಮೇಲೆ ಕೆಳಗೆ ಓಡಾಡಿದ್ದೇ ಹೆಚ್ಚು. ಅವನು ದುಡಿಯುವ ಕಂಪನಿ ತಯಾರಿಸುವುದು ಲಿಫ್ಟಿನ ಗೋಡೆಯಲ್ಲಿ ಕೂರುವ ಒಂದು ಪುಟ್ಟ ಪೆಟ್ಟಿಗೆ. ಯಾರಾದರೂ ನಡುವೆ ಸಿಕ್ಕಿಹಾಕಿಕೊಂಡರೆ ಗಂಟೆಯ ಚಿತ್ರವಿರುವ ಗುಂಡಿ ಒತ್ತಬೇಕು. ಪೆಟ್ಟಿಗೆ ಕಂಟ್ರೋಲ್ ರೂಮಿಗೆ ಫೋನ್ ಹಚ್ಚುತ್ತದೆ.

ಪೆಟ್ಟಿಗೆಯೊಳಗೆ ಒಂದು ಸಿಮ್ ಕಾರ್ಡು. ಲಿಫ್ಟಿನ ನಡುಕಕ್ಕೆ ಅದು ಸಡಿಲವಾಗುತ್ತದೆ, ಇಲ್ಲವೇ ಧೂಳು ಕುಡಿದು ಮುನಿಸಿಕೊಳ್ಳುತ್ತದೆ. ಎರಡೂ ಆಗದಿದ್ದರೆ ಕಂಪನಿಯೇ ನೆಟ್‌ವರ್ಕ್ ಬದಲಿಸುತ್ತದೆ. ಆಗ ನಾಲ್ಕು ಸ್ಕ್ರೂ ಬಿಚ್ಚಿ, ಚಿಮಟದಲ್ಲಿ ಹಳೇ ಕಾರ್ಡು ಎಳೆದು ಹೊಸದನ್ನು ತೂರಿಸಬೇಕು. ಮುನ್ನೂರ ನಲವತ್ತು ಲಿಫ್ಟುಗಳಿಗೆ ಈ ಸೇವೆ ಮಾಡುವವನು ಇವನೊಬ್ಬನೇ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದು, ಉಳಿದೆಲ್ಲ ಕಡೆ ಚಿಮಟವೇ ಗೆದ್ದಿತ್ತು.

ಮನೆ ಎಂದರೆ ಒಂದು ಕೋಣೆ, ಎರಡು ಕುರ್ಚಿ. ಒಂದು ಅವನಿಗೆ, ಇನ್ನೊಂದು ಒಗೆದ ಬಟ್ಟೆಗೆ. ಬಟ್ಟೆಯನ್ನು ಎಬ್ಬಿಸಿ ಕೂರಿಸಬೇಕಾದ ನೆಂಟರು ಬಂದು ವರ್ಷಗಳೇ ಆಗಿದ್ದವು. ದೂರದಲ್ಲೊಬ್ಬ ಅಕ್ಕ ಇದ್ದಳು. ತಿಂಗಳಿಗೊಮ್ಮೆ ಫೋನ್ ಮಾಡಿ ತನ್ನ ಸೊಸೆಯನ್ನು ಬೈದು, "ನೀನು ಹೇಗಿದೀಯೋ?" ಎಂದು ಕೇಳಿ, ಉತ್ತರ ಬರುವ ಮೊದಲೇ ಇಟ್ಟುಬಿಡುತ್ತಿದ್ದಳು.

ಹಾಗಾದರೆ ಇವನು ಮಾತಾಡುತ್ತಿದ್ದುದು ಯಾರೊಂದಿಗೆ? ಪೆಟ್ಟಿಗೆಯೊಂದಿಗೆ. ಕಾರ್ಡು ಹಾಕಿದ ಮೇಲೆ ಗುಂಡಿ ಒತ್ತಿ, ಎರಡೂ ಕಡೆಯ ದನಿ ಸರಿಯಾಗಿದೆಯೇ ಎಂದು ಒಂದು ನಿಮಿಷ ಮಾತಾಡಿ ನೋಡಬೇಕೆಂಬುದು ನಿಯಮ. ಹನ್ನೊಂದು ವರ್ಷಗಳಿಂದ ಹಗಲು ಪಾಳಿಯಲ್ಲಿ ಆ ಕಡೆ ಸಿಗುತ್ತಿದ್ದುದು ಒಂದೇ ಹೆಣ್ಣುದನಿ. ಕಂಟ್ರೋಲ್ ರೂಮು ಬೇರೆ ಊರಿನಲ್ಲಿತ್ತು, ಆ ನಂಬರಿಗೆ ಪೆಟ್ಟಿಗೆಗಳ ಹೊರತು ಬೇರಾರೂ ಫೋನ್ ಮಾಡುವಂತಿರಲಿಲ್ಲ. ಇವನು ಅವಳ ಮುಖ ನೋಡಿದವನಲ್ಲ. ಆದರೆ ಅವಳ ಮೊಣಕಾಲು ನೋವು, ಬಿಸಿಲಿಗೆ ಒಣಗುತ್ತಿದ್ದ ಅವಳ ಗುಲಾಬಿ ಗಿಡ, ಗಂಡ ತೀರಿಕೊಂಡ ಮೇಲೂ ಅವಳು ಎರಡು ಲೋಟ ಕಾಫಿ ಮಾಡಿಬಿಡುತ್ತಿದ್ದುದು, ಎಲ್ಲವೂ ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು. ಒಂದು ವಿಷಯ ಮುಗಿಸಲು ಕೆಲವೊಮ್ಮೆ ಆರು ಲಿಫ್ಟು ಬೇಕಾಗುತ್ತಿತ್ತು.

"ಅಮ್ಮಾವ್ರೇ, ಕೇಳಿಸ್ತಿದ್ಯಾ?"

"ಕೇಳಿಸ್ದೆ ಏನು, ಲಿಫ್ಟಲ್ಲಿ ಕಿರುಚ್ತಿದೀರ. ಅಕ್ಕನ ಸೊಸೆ ವಿಷಯ ಎಲ್ಲಿಗೆ ಬಂತು?"

"ಮಿಕ್ಸಿ ಒಡೆದ್ಲು ಅನ್ನೋವರೆಗೆ."

"ಸರಿ, ಮುಂದಿನ ಲಿಫ್ಟಲ್ಲಿ ಹೇಳಿ, ನಿಮಿಷ ಆಯ್ತು."

ಇಂಥ ಹೊತ್ತಿನಲ್ಲಿ ಕಂಪನಿಗೆ ಇ-ಸಿಮ್ ಬಂತು. ಹೊಸದಾಗಿ ಸೇರಿದ ಇಂಜಿನಿಯರಮ್ಮ ಎಲ್ಲರನ್ನೂ ಕೂರಿಸಿ ವಿವರಿಸಿದಳು. ಇನ್ನು ಮೇಲೆ ಕಾರ್ಡಿಲ್ಲ, ಅದನ್ನು ತೂರಿಸುವ ಬಾಯಿಯೂ ಇಲ್ಲ. ಕಾರ್ಖಾನೆಯಲ್ಲೇ ಅಕ್ಕಿಕಾಳಿನಷ್ಟು ಚಿಪ್ಪನ್ನು ಬೋರ್ಡಿಗೆ ಬೆಸೆದುಬಿಡುವುದು. ನೆಟ್‌ವರ್ಕ್ ಬದಲಿಸಬೇಕಾದರೆ ಇಲ್ಲಿಂದಲೇ ಒಂದು ಆದೇಶ. ಪೆಟ್ಟಿಗೆ ಹೊಸ ನೆಟ್‌ವರ್ಕಿನ ಗುರುತನ್ನು ತಾನೇ ಇಳಿಸಿಕೊಳ್ಳುತ್ತದೆ, ದಿನಕ್ಕೊಮ್ಮೆ ಕಂಟ್ರೋಲ್ ರೂಮಿನ ಕಂಪ್ಯೂಟರಿಗೆ ತಾನೇ ಕರೆಮಾಡಿ ಕ್ಷೇಮ ತಿಳಿಸುತ್ತದೆ.

"ಹೊಸ ಗುರುತು ಇಳಿದ ತಕ್ಷಣ ಹಳೇದನ್ನ ಅಳಿಸಿಬಿಡೋದು," ಎಂದಳು. "ಮೊದಲು ನಲವತ್ತು ಲಿಫ್ಟಲ್ಲಿ ಪರೀಕ್ಷೆ. ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?"

ಚಿಮಟಣ್ಣನಿಗೆ ಇತ್ತು. ಅವನದೊಂದು ಪದ್ಧತಿ, ಯಾವ ಪುಸ್ತಕದಲ್ಲೂ ಇಲ್ಲದ್ದು. ಹೊಸ ಕಾರ್ಡನ್ನು ಮೊದಲು ತನ್ನ ಫೋನಿಗೆ ಹಾಕಿಕೊಂಡು ಲಿಫ್ಟಿನಲ್ಲಿ ನೆಲದಡಿಯ ತಳಮನೆಗೆ ಇಳಿಯುತ್ತಿದ್ದ. ಬಾಗಿಲು ಮುಚ್ಚಿ, ಸಿಗ್ನಲ್ ಇನ್ನೂ ಉಳಿದಿದೆ ಎಂದು ಖಾತ್ರಿಯಾದ ಮೇಲೆಯೇ ಹಳೆಯದಕ್ಕೆ ಚಿಮಟ ಹಾಕುತ್ತಿದ್ದ. ಮೇಲಿನ ಮಹಡಿಯಲ್ಲಿ ವಟಗುಟ್ಟುವ ನೆಟ್‌ವರ್ಕು ತಳಮನೆಯ ಉಕ್ಕಿನ ಗೋಡೆಗಳ ನಡುವೆ ಗಂಟಲು ಕಟ್ಟಿಸಿಕೊಳ್ಳುತ್ತದೆ. ಇಂಜಿನಿಯರಮ್ಮ ಹೇಳಿದಂತೆ ಮಾಡಿದರೆ ನಲವತ್ತರಲ್ಲಿ ಕೆಲವಾದರೂ ಪೆಟ್ಟಿಗೆಗಳು ಮೂಕವಾಗುವುದು ಖಂಡಿತ. ಆಗ ಯಾರನ್ನು ಕರೆಯಬೇಕು? ಚಿಮಟಣ್ಣನನ್ನು. ಇ-ಸಿಮ್ ಕೆಲಸಕ್ಕೆ ಬಾರದೆಂದು ಕಾರ್ಡುಗಳೇ ಮುಂದುವರಿಯುತ್ತವೆ. ನಿಮಿಷಗಳೂ.

"ಏನಿಲ್ಲ ಮೇಡಂ, ಚೆನ್ನಾಗಿದೆ," ಎಂದ.

ಮರುದಿನ ಒಂದು ಆಸ್ಪತ್ರೆಯ ಲಿಫ್ಟಿನಲ್ಲಿ ಕಾರ್ಡು ಹಾಕಿ ಗುಂಡಿ ಒತ್ತಿದ. ಅವಳ ದನಿ ಕಟ್ಟಿತ್ತು.

"ಏನ್ ಅಮ್ಮಾವ್ರೇ, ನೆಗಡಿನಾ?"

"ನಿನ್ನೆ ಒಬ್ರು ಮೇಷ್ಟ್ರು ತಳಮನೆ ಲಿಫ್ಟಲ್ಲಿ ಸಿಕ್ಕಾಕೊಂಡಿದ್ರು. ಬಿಡಿಸೋರು ಬರೋಕೆ ಮುಕ್ಕಾಲು ಗಂಟೆ. 'ಏನಾದ್ರೂ ಮಾತಾಡ್ತಿರಮ್ಮ, ನಿಲ್ಲಿಸ್ಬೇಡ' ಅಂದ್ರು. ಹೇಳೋದೆಲ್ಲ ಮುಗೀತು. ಕೊನೆಗೆ ನಿಮ್ಮಕ್ಕನ ಸೊಸೆ ಮಿಕ್ಸಿ ಒಡೆದಿದ್ದೂ ಹೇಳ್ದೆ."

"ನಕ್ರಾ?"

"ನಕ್ರು. ಅತ್ರು ಕೂಡ."

ಚಿಮಟಣ್ಣ ಉಳಿದ ಲಿಫ್ಟುಗಳನ್ನು ಬಿಟ್ಟು ನೇರ ಕಾರ್ಖಾನೆಗೆ ಹೋದ.

"ಮೇಡಂ, ನಿನ್ನೆ ಸುಳ್ಳು ಹೇಳ್ದೆ. ಹಳೇದನ್ನ ಅಳಿಸ್ಬೇಡಿ."

ಇಂಜಿನಿಯರಮ್ಮ ಪೆನ್ನು ಎತ್ತಿಕೊಂಡಳು. ಅವನು ತಳಮನೆಗಳ ಸಂಗತಿ ಹೇಳಿದ. ಹೊಸ ಗುರುತಿಗೆ ಪ್ರತಿ ಮಹಡಿಯಲ್ಲೂ ಸಿಗ್ನಲ್ ಸಿಕ್ಕಿತೇ ಎಂದು ಒಂದು ವಾರ ನೋಡಬೇಕು, ಎಲ್ಲಾದರೂ ತಪ್ಪಿದರೆ ಪೆಟ್ಟಿಗೆ ತಾನಾಗಿಯೇ ಹಳೆಯದಕ್ಕೆ ಮರಳಬೇಕು, ಚಿಪ್ಪಿನ ನಂಬರನ್ನು ಪೆಟ್ಟಿಗೆಯ ಹೊರಮೈಮೇಲೂ ಅಚ್ಚುಹಾಕಬೇಕು, ಬೆಸೆದ ಮೇಲೆ ಇಣುಕಿ ಓದಲು ಯಾರಿಂದಲೂ ಆಗದು.

"ಇದನ್ನೆಲ್ಲ ನಿನ್ನೆ ಯಾಕೆ ಹೇಳ್ಲಿಲ್ಲ?"

"ನಾಲಿಗೆಗೆ ಸಿಗ್ನಲ್ ಇರ್ಲಿಲ್ಲ ಮೇಡಂ."

ಪರೀಕ್ಷೆ ಗೆದ್ದಿತು. ನಲವತ್ತರಲ್ಲಿ ಏಳು ಪೆಟ್ಟಿಗೆಗಳು ತಳಮನೆಯಲ್ಲಿ ತಡವರಿಸಿ, ಹಳೇ ಗುರುತಿಗೆ ಮರಳಿ, ಮಾತಾಡಿದವು. ಮ್ಯಾನೇಜರು ಅವನ ಬೆನ್ನು ತಟ್ಟಿ, "ನೀನಿಲ್ದಿದ್ರೆ ಕೆಟ್ಟಿತ್ತು ಮಾರಾಯ! ಇನ್ನು ನೀನು ಎಲ್ಲೂ ಅಲೆಯೋದು ಬೇಡ, ಆರಾಮಾಗಿ ಪ್ಯಾಕಿಂಗಲ್ಲಿ ಕೂತ್ಕೋ," ಎಂದರು. ಬೆನ್ನಿಗೆ ಹಿತವಾಗಿಯೇ ಇತ್ತು. ಪ್ಯಾಕಿಂಗಿನ ಮೇಜು ಮಾತ್ರ ಗೋಡೆಗೆ ಮುಖಮಾಡಿತ್ತು.

ವರ್ಷದೊಳಗೆ ಒಂದನ್ನು ಬಿಟ್ಟು ಎಲ್ಲ ಪೆಟ್ಟಿಗೆಗಳೂ ಬದಲಾದವು. ಕೊನೆಯದಾಗಿ ಕಾರ್ಡಿನದೊಂದು ಹಳೇ ಪೆಟ್ಟಿಗೆ ಉಳಿದಿತ್ತು, ಒಂದು ಕಚೇರಿಯ ಸಾಮಾನು ಲಿಫ್ಟಿನಲ್ಲಿ. ಅದನ್ನು ಬಿಚ್ಚಿ ತರಲು ಪ್ಯಾಕಿಂಗಿನಿಂದ ಚಿಮಟಣ್ಣನನ್ನೇ ಕಳಿಸಿದರು. ಬಿಚ್ಚುವ ಮೊದಲು ಒಮ್ಮೆ ಕರೆಮಾಡಲು ಅವನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೇಳಬೇಕಾದ್ದನ್ನು ಮೆಟ್ಟಿಲುಗಳಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದ: ನಿಮ್ಮೂರಿಗೆ ಬಸ್ಸಿದೆ, ಒಂದು ದಿನ ಬರಲಾ, ಆ ಎರಡನೇ ಲೋಟ ಕಾಫಿ ಸುಮ್ಮನೆ ಆರೋದು ಯಾಕೆ.

"ಅಮ್ಮಾವ್ರೇ, ಕೇಳಿಸ್ತಿದ್ಯಾ?"

"ಅಯ್ಯೋ ನೀವಾ! ಎಷ್ಟ್ ದಿನ ಆಯ್ತು. ಈಗೆಲ್ಲ ಬರೀ ಕಂಪ್ಯೂಟರೇ ಮಾತಾಡ್ಕೊಳ್ತವೆ."

"ಅಮ್ಮಾವ್ರೇ, ಒಂದು ಮಾತು ಕೇಳ್ಬೇಕಿತ್ತು…"

"ತಡೀರಿ ತಡೀರಿ, ಕೆಂಪು ದೀಪ. ಯಾರೋ ಸಿಕ್ಕಾಕೊಂಡಿದಾರೆ. ನಾನೊಬ್ಳೇ ಇರೋದು, ಇಡ್ತೀನಿ."

ಕರೆ ಕಡಿಯಿತು. ಅವನ ಬೆರಳು ಗಂಟೆಯ ಗುಂಡಿಯ ಮೇಲೆಯೇ ಇತ್ತು. ಮತ್ತೆ ಒತ್ತಿದರೆ ಅವಳ ಮುಂದೆ ಇನ್ನೊಂದು ಕೆಂಪು ದೀಪ ಹತ್ತುತ್ತದೆ, ಅತ್ತ ಬೇರೊಂದು ಲಿಫ್ಟಿನಲ್ಲಿ ಯಾರೋ ಕತ್ತಲಲ್ಲಿ ಕಾಯುತ್ತಿರುತ್ತಾರೆ. ಹತ್ತು ನಿಮಿಷ ನಿಂತ. ಇಪ್ಪತ್ತು. ಮುಕ್ಕಾಲು ಗಂಟೆಯಾದರೂ ಆದೀತು ಎಂಬುದು ಅವನಿಗೆ ಗೊತ್ತಿತ್ತು.

ಹೊರಗಿನಿಂದ ಯಾರೋ ಬಾಗಿಲು ಬಡಿದು, "ಯಾರಪ್ಪಾ ಒಳಗೆ? ಸಿಕ್ಕಾಕೊಂಡ್ರಾ?" ಎಂದು ಕೂಗಿದರು.

"ಇಲ್ಲ ಇಲ್ಲ, ಬಂದೆ," ಎಂದ ಚಿಮಟಣ್ಣ, ಮತ್ತು ಮೊದಲ ಸ್ಕ್ರೂ ಬಿಚ್ಚಿದ.