ರೇಸಿನಲ್ಲಿ ಕೊನೆಯವಳು

ನಂಜನಗೂಡಿನ ನಮ್ಮ ಮನೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ, ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ನಾನು ಕಾನ್ವೆಂಟಿನಲ್ಲಿ ಕಲಿತ ಕಸೂತಿ ಹಾಕಿ ಅದಕ್ಕೆ ಹೊದಿಸಿದ್ದ ಬಟ್ಟೆಯನ್ನು ಸರಿಸಿ ಆಟಕ್ಕೆ ಕೂರುತ್ತಿದ್ದೆ. ಇಸ್ಪೀಟು ಬೇಗ ಬೇಜಾರಾಯಿತು. ಎದುರಿಗೆ ಮುನಿಸಿಕೊಳ್ಳಲು ಒಬ್ಬರಿಲ್ಲದೆ ಆಡುವುದರಲ್ಲಿ ಏನಿದೆ? ಗುಂಡು ಹಾರಿಸುವ ಆಟವೂ ನನಗೆ ಸೇರಲಿಲ್ಲ. ಸತ್ತವನು ಕಣ್ಣೆದುರೇ ಮಾಯವಾಗುತ್ತಿದ್ದ, ಅಳುವವರು ಯಾರೂ ಬರುತ್ತಿರಲಿಲ್ಲ. ನನಗೆ ಇಷ್ಟವಾದದ್ದು ಕಾರಿನ ರೇಸು. ರಸ್ತೆ ಪಕ್ಕದ ಮರ, ಬೇಲಿ, ಹೆಂಚಿನ ಮನೆಗಳನ್ನು ನೋಡಿಕೊಂಡು ನಿಧಾನವಾಗಿ ಹೋಗುತ್ತಿದ್ದುದರಿಂದ ಯಾವಾಗಲೂ ನಾನೇ ಕೊನೆಯವಳು.

ಆಗೆಲ್ಲ ನಾನು ತವರಿಗೆ ಹೋಗಬೇಕೆಂದರೆ ತಿ. ನರಸೀಪುರದಿಂದ ಅಣ್ಣ ಬಂದು ಕರೆದೊಯ್ಯಬೇಕಿತ್ತು. ಸೊಸೆ ಒಬ್ಬಳೇ ಬಸ್ಸು ಹತ್ತುವ ಪದ್ಧತಿ ಮನೆಯಲ್ಲಿರಲಿಲ್ಲ. ಆ ಸಲ ಅಮ್ಮನಿಗೆ ವಾರದಿಂದ ಜ್ವರ, ಅಣ್ಣನಿಗೆ ಬಿಡುವಿಲ್ಲ, ಯಜಮಾನರು ಊರಲ್ಲಿರಲಿಲ್ಲ. ಅತ್ತೆಯನ್ನು ಕೇಳಲು ಬಾಯಿ ಬಾರದೆ ಆಟದ ಮುಂದೆ ಕೂತಿದ್ದೆ.

ಅವರೇ ಬಂದು ನನ್ನ ಹಿಂದೆ ನಿಂತರು.

“ಎಲ್ಲಾರೂ ಮುಂದ್ಕೆ ಓಗ್ಬುಟ್ರು, ನೀನು ಎಲ್ಗೆ ಓಯ್ತಾ ಇದ್ದೀಯವ್ವ?”

“ನರಸೀಪುರಕ್ಕೆ, ಅತ್ತೆಮ್ಮ.”

“ಒಬ್ಳೇನಾ?”

“ಹೂಂ.”

ಅವರು ಸ್ವಲ್ಪ ಹೊತ್ತು ಪರದೆ ನೋಡಿದರು. ನನ್ನ ಕಾರು ಎಡಬದಿ ಬಿಡದೆ, ತಿರುವು ಬಂದಲ್ಲೆಲ್ಲ ನಿಧಾನಿಸಿ ಸಾಗುತ್ತಿತ್ತು.

“ಉಷಾರಾಗೇ ಓಯ್ತೀಯ ಕಣವ್ವ,” ಎಂದರು.

ಆಮೇಲೆ ಒಳಗೆ ಹೋಗಿ, ಅಮ್ಮನಿಗೆಂದು ಬಾಳೆಹಣ್ಣಿನ ಚಿಪ್ಪೊಂದನ್ನು ಚೀಲಕ್ಕೆ ಹಾಕುತ್ತಾ ಕೂಗಿದರು: “ಮೂರು ಗಂಟೆ ಬಸ್ಸು ಸಿಕ್ತದೆ, ಸೀರೆ ಬದ್ಲಾಯಿಸ್ಕೊ.”