ಗುಂಡು ಬಿದ್ದ ಹೊಟ್ಟೆಗೆ ಪೇಢೆ

ಆ ದಿನ ಬೆಳಿಗ್ಗೆ ಅಂಗಳದ ನಲ್ಲಿಯಲ್ಲಿ ನೀರು ನಿಲ್ಲುವ ಮೊದಲು ಹಂಡೆ ತುಂಬಿಸಿದೆ. ರೇಷನ್ ಗೋಧಿಯ ಕಲ್ಲು ಆರಿಸಿ, ತೊಳೆದು, ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಒಣಹಾಕಿದೆ. ಬ್ಲ್ಯಾಕೌಟ್‌ಗೆಂದು ಕಿಟಕಿಯ ಗಾಜಿಗೆ ಮೈದಾ ಅಂಟಿನಲ್ಲಿ ಮೆತ್ತಿದ್ದ ಕಪ್ಪು ಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ಕೆರೆದೆ. ಯುದ್ಧ ನಿಂತರೂ ಅದು ಮೂಲೆ ಬಿಟ್ಟಿರಲಿಲ್ಲ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ತೊಗರಿಬೇಳೆ ಮುಗಿದಿತ್ತು, ಹೆಸರುಬೇಳೆಯಲ್ಲೇ ಸಾರು ಮಾಡಿದೆ. ದೇವರ ದೀಪಕ್ಕೆ ಬತ್ತಿ ಹೊಸೆದೆ. ಸಂಜೆ ನಾಲ್ಕು ಕೋಳಿಮೊಟ್ಟೆ ಬೇಯಿಸಿದೆ.

ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ದಿನದಿನದ ಕೆಲಸಗಳೇ. ಮೊಟ್ಟೆಯನ್ನು ಅದುವರೆಗೆ ನಾನು ಕೈಯಲ್ಲಿ ಹಿಡಿದವಳೂ ಅಲ್ಲ.

ಅರವತ್ತೈದರ ಯುದ್ಧ ಮುಗಿದು ದೀಪಾವಳಿ ಹತ್ತಿರ ಬರುತ್ತಿದ್ದ ಕಾಲ. ಯಜಮಾನರ ಬ್ಯಾಂಕಿನವರು ನಮ್ಮನ್ನು ಮೈಸೂರಿನಿಂದ ಎತ್ತಿ ಮೊದಲು ಸೂರತ್ತಿಗೆ, ಆಮೇಲೆ ಬರೋಡಾಕ್ಕೆ ಹಾಕಿದ್ದರು. ನಾವಿದ್ದದ್ದು ಒಂದು ವಠಾರದಂಥ ಮನೆಯ ಮಹಡಿಯಲ್ಲಿ. ಕೆಳಗೆ ಮುಂಭಾಗದಲ್ಲಿ ಮಾಲೀಕರ ಸಂಸಾರ. ಮಾಲೀಕರ ಹೆಂಡತಿಯನ್ನು ಎಲ್ಲರೂ ಕಾಕಿ ಎನ್ನುತ್ತಿದ್ದರು, ಚಿಕ್ಕಮ್ಮ ಎಂದ ಹಾಗೆ. ಹಿಂಭಾಗದ ಒಂದೇ ಕೋಣೆಯಲ್ಲಿ ಬೆಳಗಾವಿ ಕಡೆಯ ಒಬ್ಬ ಹುಡುಗಿ. ಅವಳ ಗಂಡ ಸಿಪಾಯಿ. ಊರಾಚೆಯ ದಂಡಿನಲ್ಲಿದ್ದವನನ್ನು ಯುದ್ಧ ಶುರುವಾದಾಗ ಗಡಿಗೆ ಕಳಿಸಿದ್ದರು. ಇವಳು ಇಲ್ಲೇ ಉಳಿದಳು. ಕೋಣೆ ಹಿಡಿಯುವಾಗ ಮಾಂಸ, ಮೊಟ್ಟೆ ಮನೆಯೊಳಗೆ ತರುವುದಿಲ್ಲವೆಂದು ಕಾಕಿಗೆ ಮಾತು ಕೊಟ್ಟಿದ್ದಳು, ನಡೆಸಿಕೊಂಡೂ ಬಂದಿದ್ದಳು.

ಯುದ್ಧ ನಡೆದಷ್ಟು ದಿನ ನಮ್ಮ ಬೀದಿಯಲ್ಲಿ ಕಾಕಿಯದೇ ದರಬಾರು. ಹೆಂಗಸರ ಸಮಿತಿಗೆ ಅವರೇ ಅಧ್ಯಕ್ಷರು. ಗೋಧಿಹಿಟ್ಟು, ಬೆಲ್ಲ, ತುಪ್ಪ ಹುರಿದು ಸುಖಡಿ ಮಾಡಿ, ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಡಬ್ಬಗಳಲ್ಲಿ ತುಂಬಿಕೊಂಡು ನಾವೆಲ್ಲ ಸ್ಟೇಷನ್ನಿಗೆ ಹೋಗುತ್ತಿದ್ದೆವು. ಅಹಮದಾಬಾದಿನ ಕಡೆ ಹೋಗುವ ಸೈನಿಕರ ರೈಲು ಬಂದು ನಿಂತರೆ ಹಣೆಗೆ ಕುಂಕುಮ, ಕೊರಳಿಗೆ ಹಾರ, ಕೈಗೆ ಸುಖಡಿ. ಒಬ್ಬ ಫೋಟೊದವನೂ ಜೊತೆಗೆ ಬರುತ್ತಿದ್ದ. ಒಂದು ದಿನ ಅವನ ಕ್ಯಾಮೆರಾದ ಬಲ್ಬು ಹೊತ್ತಲಿಲ್ಲವೆಂದು ಒಬ್ಬನೇ ಸಿಪಾಯಿಗೆ ಕಾಕಿ ಮೂರು ಸಲ ಕುಂಕುಮವಿಟ್ಟರು. ಅವನು ಕತ್ತು ಬಾಗಿಸಿಕೊಂಡೇ ನನ್ನ ಕಡೆ ಕಣ್ಣು ಹೊರಳಿಸಿ, "ಮಾಜಿ, ಪಾನಿ ಮಿಲೇಗಾ?" ಎಂದ. ಅಷ್ಟೊಂದು ಡಬ್ಬ ಹೊತ್ತು ಬಂದಿದ್ದ ನಮ್ಮ ಬಳಿ ಕುಡಿಯುವ ನೀರೊಂದು ಇರಲಿಲ್ಲ. ಪ್ಲಾಟ್‌ಫಾರ್ಮಿನ ನಲ್ಲಿಯಿಂದ ಅವನ ಬಾಟಲಿ ತುಂಬಿ ತರುವಷ್ಟರಲ್ಲಿ ಗಾಡಿ ಅಲುಗಿತ್ತು. ಕಿಟಕಿಯ ಜೊತೆ ಓಡಿ ಕೊಟ್ಟೆ. ಅವನ ಹಣೆಯ ಕುಂಕುಮ ಬೆವರಿನಲ್ಲಿ ಮೂಗಿನವರೆಗೂ ಇಳಿದಿತ್ತು.

ಹಿಂದಿನ ಕೋಣೆಯ ಹುಡುಗಿಗೂ ಆಗ ಭಾರಿ ಮರ್ಯಾದೆ. ಸಭೆ ನಡೆದಾಗಲೆಲ್ಲ ಅವಳನ್ನು ಮುಂದೆ ಕೂಡಿಸಿ, "ನಮ್ಮ ಮನೆಯ ಜವಾನನ ವಹು" ಎಂದು ಕಾಕಿ ತೋರಿಸುತ್ತಿದ್ದರು. ವಹು ಎಂದರೆ ಸೊಸೆ. ಗಂಡನಿಂದ ಸುದ್ದಿ ಬಂತೇ ಎಂದು ಒಬ್ಬರಾದರೂ ಕೇಳಿದ್ದು ನನಗೆ ನೆನಪಿಲ್ಲ.

ಅವನು ಬಂದ, ಯುದ್ಧ ನಿಂತ ಮೇಲೆ, ಮಿಲಿಟರಿ ಆಸ್ಪತ್ರೆಯಿಂದ, ಟಾಂಗಾದಲ್ಲಿ. ಗುಂಡು ಹೊಟ್ಟೆಯ ಪಕ್ಕಕ್ಕೆ ಹೊಕ್ಕು ಹೊರಬಿದ್ದಿತ್ತು. ಆಳೆತ್ತರದ ಮನುಷ್ಯ, ಆದರೆ ಅಂಗಿಯೊಳಗೆ ಯಾರೂ ಇಲ್ಲದ ಹಾಗೆ ಕಾಣುತ್ತಿದ್ದ. ಗಾಯ ಒಳಗಿನಿಂದ ಮಾಗಬೇಕು, ಮೈಗೆ ರಕ್ತ ಬರಬೇಕು, ದಿನಾ ಮೊಟ್ಟೆ ತಿನ್ನಬೇಕು ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ರಜೆ ಮುಗಿದೊಡನೆ ಡಾಕ್ಟರರ ಮಂಡಳಿಯ ಮುಂದೆ ನಿಲ್ಲಬೇಕಿತ್ತು. ಗಟ್ಟಿಯಾಗಿದ್ದರೆ ನೌಕರಿ, ಇಲ್ಲದಿದ್ದರೆ ಮನೆ. ಅವನಿಗಿದ್ದ ಆತಂಕ ಅದೊಂದೇ. "ಬ್ಯಾರೆ ಕೆಲಸಾ ನನಗ ಬರೂದಿಲ್ರಿ ಅಕ್ಕಾರ," ಎಂದಿದ್ದ ನನ್ನೊಡನೆ. "ಹದಿನೆಂಟಕ್ಕ ಬಂದೀನಿ. ಎತ್ತು ಹೊಡಿಯೂದೂ ಮರತದ."

ಬಂದ ವಾರದೊಳಗೇ ಸನ್ಮಾನ. ಅಂಗಳದಲ್ಲಿ ಮೂರು ಬಣ್ಣದ ಕಾಗದದ ಕಮಾನು ಕಟ್ಟಿದರು. ವೇದಿಕೆಯ ಮೇಲೆ ಇದ್ದ ಕುರ್ಚಿಗಳು ಅತಿಥಿಗಳಿಗೆ; ಸನ್ಮಾನ ಮಾಡಿಸಿಕೊಳ್ಳುವವನು ನಿಂತಿರಬೇಕಲ್ಲ, ನಿಂತಿದ್ದ. ಭಾಷಣ ಮುಗಿಯಲೇ ಇಲ್ಲ. ಶಾಲು ಹೊದಿಸಿದಾಗ ಅವನ ಮೊಣಕಾಲು ನಡುಗಿದ್ದನ್ನು ನಾನು ನೋಡಿದೆ, ಅವನ ಹೆಂಡತಿ ನೋಡಿದಳು, ಅತಿಥಿಗಳು ಚಪ್ಪಾಳೆ ತಟ್ಟಿದರು. ಕಾಕಿ ತಮ್ಮ ಕೈಯಾರೆ ಅವನ ಬಾಯಿಗೆ ಪೇಢೆ ತುರುಕಿದರು. ಎಲ್ಲರೂ ಹೋದ ಮೇಲೆ ಅವನು ಬಚ್ಚಲ ಕಡೆ ಹೋಗಿ ಅದನ್ನು ಕಾರಿಕೊಂಡ. ಹಾಲಿನದೇನೂ ಆ ಹೊಟ್ಟೆಗೆ ಒಗ್ಗುತ್ತಿರಲಿಲ್ಲ.

ಮೊಟ್ಟೆಯ ವಿಷಯ ಹೊರಬಿದ್ದದ್ದು ಮರುದಿನ. ಹುಡುಗಿ ಕಿಟಕಿ ಬಾಗಿಲು ಮುಚ್ಚಿಕೊಂಡು ಸೀಮೆಎಣ್ಣೆ ಸ್ಟವ್‌ನಲ್ಲಿ ಬೇಯಿಸಿಕೊಡುತ್ತಿದ್ದಳಂತೆ. ಕಸದ ಡಬ್ಬದಿಂದ ನಾಯಿಯೊಂದು ಸಿಪ್ಪೆಯ ಪೊಟ್ಟಣ ಎಳೆದು ಅಂಗಳಕ್ಕೆ ತಂದಿತ್ತು. ಕಾಕಿ ಆ ಸಿಪ್ಪೆಯ ಮೇಲೆ ಹರಕು ಬುಟ್ಟಿಯೊಂದನ್ನು ಚೇಳಿನ ಮೇಲೆ ಕವುಚುವ ಹಾಗೆ ಕವುಚಿ, ನಮ್ಮನ್ನೆಲ್ಲ ಕರೆದರು. ಕಾಗದದ ಕಮಾನು ಇನ್ನೂ ಬಿಚ್ಚಿರಲಿಲ್ಲ. ಹುಡುಗಿಗೆ ಗುಜರಾತಿ ಬಾರದು, ಮಾತನ್ನು ಅತ್ತಿತ್ತ ದಾಟಿಸುವ ಕೆಲಸ ನನ್ನ ಮೇಲೆ ಬಿತ್ತು.

"ಇವತ್ತಿಗೆ ಇದು ನಿಲ್ಲಬೇಕು. ಇಲ್ಲವಾದರೆ ದೀವಾಳಿಯೊಳಗೆ ಕೋಣೆ ಖಾಲಿ ಮಾಡಬೇಕು ಅಂತ ಹೇಳಿ, ಬೆನ್," ಎಂದರು ಕಾಕಿ. ಬೆನ್ ಎಂದರೆ ಅಕ್ಕ, ತಂಗಿ.

ಹೇಳಿದೆ. ಹುಡುಗಿ ಸೆರಗನ್ನು ಸೊಂಟಕ್ಕೆ ಬಿಗಿದಳು. "ಅಕ್ಕಾರ, ಅವರನ್ನ ಒಂದ್ ಮಾತ್ ಕೇಳ್ರಿ. ಗುಂಡ್ ಬಿದ್ದ ಹೊಟ್ಟಿಗೆ ಪೇಢೆ ಹಾಕಿದ್ರ ಗಾಯಾ ಮಾಯ್ತದೇನಂತ ಕೇಳ್ರಿ."

ಒಂದಕ್ಷರ ಬಿಡದೆ ಕೇಳಿದೆ.

ಕಾಕಿಗೆ ಸಿಟ್ಟೇನೂ ಬರಲಿಲ್ಲ. ತಾಳ್ಮೆಯಿಂದ, ಮಕ್ಕಳಿಗೆ ತಿಳಿಹೇಳುವ ಹಾಗೆ, "ದೇಶಸೇವೆ ಬೇರೆ, ರಸೋಡು ಬೇರೆ, ಬೆನ್," ಎಂದರು. ರಸೋಡು ಎಂದರೆ ಅಡುಗೆಮನೆ. "ನಿಮಗೆ ಬಿಡಿಸಿ ಹೇಳಬೇಕೇ? ನೀವೂ ನಮ್ಮ ಹಾಗೇ ತಾನೇ."

ಮೊಟ್ಟೆ ಬೇಡವೆನ್ನುವುದರಲ್ಲಿ ನನಗೆ ತಪ್ಪು ಕಾಣಲಿಲ್ಲ. ನನ್ನ ಮನೆಯಲ್ಲೂ ಈರುಳ್ಳಿಗೆ ಬೇರೆ ಬುಟ್ಟಿ ಇಟ್ಟವಳು ನಾನು. ಆದರೆ ಆ "ನಮ್ಮ ಹಾಗೇ" ಎಂಬ ಮಾತನ್ನು ಮಾತ್ರ ನಾನು ಹುಡುಗಿಗೆ ದಾಟಿಸಲಿಲ್ಲ. ಇವರ ಮನೆಬಾಗಿಲು ಕಾಯುವುದಕ್ಕೆ ಅವನು ಹೊಟ್ಟೆ ಕೊಟ್ಟಾಗ ಅದರಲ್ಲಿ ಏನಿತ್ತೆಂದು ಯಾರೂ ಕೇಳಿರಲಿಲ್ಲ. ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಕೇಳುತ್ತಿದ್ದರು.

ಹುಡುಗಿ ಸೋತಳು. ಅವನನ್ನು ಆ ಸ್ಥಿತಿಯಲ್ಲಿ ಹೊತ್ತುಕೊಂಡು ಹಬ್ಬದ ಕಾಲದಲ್ಲಿ ಎಲ್ಲಿ ಕೋಣೆ ಹುಡುಕುವುದು? ಇನ್ನು ಮಾಡುವುದಿಲ್ಲವೆಂದು ಕೈಮುಗಿದಳು. ಮೂರು ದಿನ ಕಾಕಿಯ ಮನೆಯಿಂದ ಬಾದಾಮಿ ಹಾಲು ಬಂತು. ಮೂರು ದಿನವೂ ಅದು ಬಚ್ಚಲ ಪಾಲಾಯಿತು. ನಾಲ್ಕನೆಯ ದಿನ ಹಾಲೂ ಬರಲಿಲ್ಲ. ಅವನು ಗೋಡೆಗೊರಗಿ ಕೂತವನು ಏಳುವುದಕ್ಕೆ ಹೆಂಡತಿಯ ಹೆಗಲು ಹಿಡಿಯತೊಡಗಿದ. ಮಂಡಳಿಯ ದಿನ ಹತ್ತಿರವಾಗುತ್ತಿತ್ತು.

ನಾಲ್ಕನೆಯ ಆ ಬೆಳಿಗ್ಗೆ, ಗುಂಡಿ ಹೊಲಿದ ಅಂಗಿಯನ್ನು ಕೈಗೆ ಕೊಡುತ್ತ ಯಜಮಾನರಿಗೆ ಹೇಳಿದೆ. "ಏನೂಂದ್ರೆ, ಬರ್ತಾ ಸ್ಟೇಷನ್ ಹತ್ತಿರದ ಬೇಕರಿಯಿಂದ ನಾಲ್ಕು ಮೊಟ್ಟೆ ತನ್ನಿ."

ಅವರು ತೋಳಿಗೆ ಅರ್ಧ ಅಂಗಿ ಹಾಕಿಕೊಂಡವರು ಹಾಗೇ ನಿಂತರು. "ಯಾಕೆ, ಕೇಕ್ ಮಾಡೋದು ಕಲಿತ್ಯೇನೇ?"

"ಬೇಯಿಸ್ತೀನಿ. ಕೆಳಗಿನ ಸಿಪಾಯಿಗೆ."

"ನಮ್ಮಮ್ಮ ಬದುಕಿದ್ದಿದ್ರೆ..."

"ಬದುಕಿದ್ದಿದ್ರೆ ಕೊಡೆ ಹಿಡ್ಕೊಂಡು ಅವರೇ ಹೋಗಿ ತರ್ತಿದ್ರು. ಹಸಿದವರನ್ನ ನೋಡ್ಕೊಂಡು ಸುಮ್ಮನಿರೋ ಹೆಂಗಸಲ್ಲ ಅವರು."

"ಸರಿ, ಪಾತ್ರೆ?"

"ನಿಮ್ಮ ಕ್ಷೌರದ ನೀರು ಕಾಯಿಸೋ ಪಾತ್ರೆ ಇದೆಯಲ್ಲ."

"ಭೇಷ್! ಇನ್ನು ನನ್ನ ಗಡ್ಡ ಕೋಳಿಗೂಡು," ಎಂದು ಹೊರಟರು. ಸಂಜೆ ಮಾತ್ರ ಬ್ಯಾಂಕಿನ ಚೀಲದಲ್ಲಿ, ಊಟದ ಡಬ್ಬಿಯೊಳಗೆ ಹತ್ತಿ ಹಾಸಿಕೊಂಡು ತಂದರು.

ನನ್ನ ಮನೆಯ ಮೇಲೆ ಕಾಕಿಗೆ ಅನುಮಾನ ಬರುವಂತಿರಲಿಲ್ಲ. ತೊಂದರೆ ಎಂದರೆ, ಬೇಯಿಸಿದ್ದನ್ನು ಅವರ ಬಾಗಿಲ ಮುಂದೆಯೇ ಕೆಳಗೆ ಒಯ್ಯಬೇಕು. ಅದಕ್ಕೆ ತಿನ್ನುವವನನ್ನೇ ಮೇಲೆ ಕರೆಸುವುದೆಂದು ಮಾಡಿದೆ. ಮಧ್ಯಾಹ್ನವೇ ಕಾಕಿಯ ಬಳಿ ಹೋಗಿ, ಯುದ್ಧದಿಂದ ಬಂದವನಿಗೆ ಅವನ ಊರ ಕಡೆಯ ಮುತ್ತೈದೆ ತನ್ನ ಮನೆಯಲ್ಲಿ ದಿನಾ ಸಂಜೆ ಊಟ ಹಾಕಬೇಕು, ಅದು ನಮ್ಮ ಕನ್ನಡದವರ ಪದ್ಧತಿ ಎಂದೆ. ಅಂಥ ಪದ್ಧತಿ ಕರ್ನಾಟಕದ ಯಾವ ಮೂಲೆಯಲ್ಲೂ ಇಲ್ಲ. ಕಾಕಿಯ ಕಣ್ಣಲ್ಲಿ ನೀರಾಡಿತು. "ಬಹು ಸರಸ್," ಎಂದರು. ತುಂಬಾ ಚೆನ್ನಾಗಿದೆ ಎಂದು. ಮುಂದಿನ ಸಭೆಯಲ್ಲಿ ಇದನ್ನು ಹೇಳುತ್ತೇನೆ ಎಂದೂ ಸೇರಿಸಿದರು.

ವಾಸನೆಗೆ ಮುಸುಕು ಹಾಕಲು ಪಕ್ಕದ ಒಲೆಯಲ್ಲಿ ಇಂಗು ಸುರಿದು ಒಗ್ಗರಣೆ ಹಾಕಿದೆ. ಆದರೂ ಮೊಟ್ಟೆಯ ನೀರು ಚೆಲ್ಲುವಾಗ ಮೂಗು ಮುಚ್ಚಿಕೊಂಡೆ. ಸಿಪ್ಪೆಯನ್ನು ಪುಡಿಮಾಡಿ ಗುಲಾಬಿ ಕುಂಡದ ಮಣ್ಣಿಗೆ ಕಲಸಿದೆ. ಅಂಗಳದಲ್ಲಿ ತಮಟೆ ಬಡಿದು ಸುಖಡಿ ಹುರಿದವಳು ಒಬ್ಬ ಗಾಯಾಳುವಿಗೆ ನಿಜಕ್ಕೂ ಬೇಕಾದದ್ದನ್ನು ಕೊಡಲು ಕಳ್ಳಿಯ ಹಾಗೆ ಕದ ಹಾಕಿಕೊಳ್ಳಬೇಕಾಯಿತಲ್ಲ, ಮೊಟ್ಟೆಯ ವಾಸನೆಗಿಂತ ಅದೇ ಹೆಚ್ಚು ಹೇಸಿಗೆಯಾಯಿತು.

ಅವನು ಮೆಟ್ಟಿಲು ಹತ್ತುವುದನ್ನು ನಾನು ಮೇಲಿನಿಂದ ನೋಡುತ್ತಿದ್ದೆ. ಕಟಕಟೆ ಹಿಡಿದು, ಒಂದೊಂದಕ್ಕೂ ಎರಡೂ ಕಾಲು ಊರಿ. ಹಿಂದೆ ಹೆಂಡತಿ, ಬಿದ್ದರೆ ಹಿಡಿಯಲು ಕೈ ಚಾಚಿಕೊಂಡು. ಅರ್ಧಕ್ಕೆ ಬಂದಾಗ ಕೆಳಗಿನ ಬಾಗಿಲು ತೆರೆಯಿತು. ಕಾಕಿ ಹೊಸ್ತಿಲಲ್ಲಿ ನಿಂತು, ಎದೆ ತುಂಬಿ, "ಜೈ ಹಿಂದ್, ಬೇಟಾ!" ಎಂದರು.

ಸಿಪಾಯಿಯಲ್ಲವೇ, ಉತ್ತರ ಕೊಡಬೇಕು. ಅವನು ಕಟಕಟೆ ಬಿಟ್ಟು, ತಿರುಗಿ, ಕೈಯನ್ನು ಹಣೆಗೊಯ್ದ. ಹಾಗೇ ವಾಲಿದ. ಹೆಂಡತಿ ಹಿಡಿದುಕೊಂಡಳು. ಕಾಕಿ ಕೈಮುಗಿದು ಬಾಗಿಲು ಹಾಕಿಕೊಂಡರು.

ಮಂಡಳಿಯವರು ಅವನನ್ನು ಉಳಿಸಿಕೊಂಡರು, ಉಗ್ರಾಣದ ಕೆಲಸಕ್ಕೆ. ಅಲ್ಲಿಯವರೆಗೂ ಅವನು ಸಂಜೆ ಸಂಜೆ ಮೆಟ್ಟಿಲು ಹತ್ತಿದ. ಕೊನೆಕೊನೆಗೆ ಕಟಕಟೆ ಹಿಡಿಯದೆ. ಎಲ್ಲ ತಮ್ಮ ಬಾದಾಮಿ ಹಾಲಿನ ಮಹಿಮೆ ಎಂದು ಕಾಕಿ ಬೀದಿಗೆಲ್ಲ ಹೇಳಿದರು. ನಾನು ಹೂಂ ಎಂದೆ.

ಆ ಮೊದಲ ಸಂಜೆ ಅವನು ಎರಡು ಮೊಟ್ಟೆಯನ್ನು ಉಪ್ಪು, ಮೆಣಸಿನ ಪುಡಿಯಲ್ಲಿ ಅದ್ದಿಕೊಂಡು, ಹೆಂಡತಿ ಸೆರಗಿನಲ್ಲಿ ಕಟ್ಟಿ ತಂದಿದ್ದ ಜೋಳದ ರೊಟ್ಟಿಯ ಜೊತೆ ತಿಂದ. ಇನ್ನೆರಡು ನಾಳೆ ಸಂಜೆಗೆಂದು ಎತ್ತಿಟ್ಟೆ. ಅವಳು ನಮ್ಮ ಜೊತೆ ಅನ್ನ, ಹೆಸರುಬೇಳೆ ಸಾರು ಉಂಡಳು. "ಇಂಗ್ ಭಾಳ ಆಗ್ಯದ್ರಿ ಅಕ್ಕಾರ," ಎಂದಳು, ಆಮೇಲೆ ನಕ್ಕಳು. ಯಜಮಾನರು ಆ ರಾತ್ರಿ ಮಜ್ಜಿಗೆ ಅನ್ನದಲ್ಲೇ ಮುಗಿಸಿದರು. ನಾವು ತಟ್ಟೆ ತೊಳೆಯುವಷ್ಟರಲ್ಲಿ ಅವನು ಅಡುಗೆಮನೆಯ ಗೋಡೆಗೆ ಒರಗಿದಲ್ಲೇ, ತುಟಿಯಂಚಿನಲ್ಲಿ ಹಳದಿಯ ಚೂರು ಅಂಟಿದ್ದಂತೆಯೇ, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದ.